ಪಿತ್ತಕೋಶದ ಕಲ್ಲು: ಎಲ್ಲ ಹೊಟ್ಟೆನೋವೂ ‘ಗ್ಯಾಸ್’ ಅಲ್ಲ

ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ನೋವು ಬಂದರೂ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಹೆಸರು, ‘ಗ್ಯಾಸ್’. ಸೋಡಾ ಕುಡಿಯುವುದು, ಅಜಿವಾನ ಅಗಿಯುವುದು, ಅದಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯವರನ್ನು ಕೇಳಿ ಒಂದು ಗುಳಿಗೆ ನುಂಗುವುದು. ಬಹಳ ಸಲ ಅಷ್ಟರಲ್ಲೇ ನೋವು ಇಳಿಯುತ್ತದೆ. ಇಳಿಯದ ನೋವಿನ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಅದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ದೊಡವಾಡದ ನನ್ನ ದವಾಖಾನೆಗೆ ಸಮೀಪದ ಹಳ್ಳಿಯಿಂದ ಐವತ್ತರ ಆಸುಪಾಸಿನ ಒಬ್ಬ ತಾಯಿ ಬಂದರು. ಹೊಲದ ಕೆಲಸ ಮಾಡುವ ಗಟ್ಟಿ ಜೀವ, ನಾಲ್ಕು ಮಕ್ಕಳ ತಾಯಿ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಹೋಳಿಗೆ-ಕಡಬು ಉಂಡು ಬಂದ ರಾತ್ರಿ ನೋವು ಶುರುವಾಗಿತ್ತು. “ಸಾಹೇಬ್ರ, ನಡುರಾತ್ರಿ ಎದೀಗೂಡಿನ ಕೆಳಗ ಹಿಡದದ್ದು ಬಿಡಲೇ ಇಲ್ರಿ. ಬೆಳಗಾಗೂದ್ರಾಗ ತಾನಾ ಹೋತ್ರಿ” ಎಂದರು. ಮುಂಜಾನೆ ಹೊಟ್ಟೆ ಒತ್ತಿ ನೋಡಿದರೆ ಏನೂ ಇರಲಿಲ್ಲ. ಆಮ್ಲ ಕಡಿಮೆ ಮಾಡುವ ಗುಳಿಗೆ ಬರೆದು ಕಳಿಸಿದೆ. ಮೂರು ತಿಂಗಳ ನಂತರ ಒಂದು ಮದುವೆ ಊಟವಾದ ಮೇಲೆ ಮತ್ತೆ ಅದೇ ನೋವು, ಮತ್ತೆ ಅದೇ ಗುಳಿಗೆ. ಮೂರನೆಯ ಸಲವೂ ಹಾಗೆಯೇ ಆಯಿತು.

ನಾಲ್ಕನೆಯ ಸಲ ಅವರು ನನ್ನ ಬಳಿ ಬರಲಿಲ್ಲ. ನೋವಿನ ಮರುದಿನ ಕಣ್ಣು ಹಳದಿಯಾಗಿತ್ತು. ‘ಕಾಮಣಿ ಆಗೈತಿ’ ಎಂದು ಮನೆಯವರು ನಾಟಿ ಔಷಧ ಕೊಡಿಸಿದರು. ಎರಡು ವಾರದ ಮೇಲೆ ಅವರನ್ನು ಟಂಟಂನಲ್ಲಿ ಮಲಗಿಸಿಕೊಂಡು ತಂದಾಗ ಹಲ್ಲು ಕಟಕಟಿಸುವ ಚಳಿಜ್ವರ, ರಕ್ತದೊತ್ತಡ ಕುಸಿದಿತ್ತು, ಮಾತು ತೊದಲುತ್ತಿತ್ತು. ಸಲಾಯಿನ್ ಹಚ್ಚಿ ಕೂಡಲೇ ಬೆಳಗಾವಿಗೆ ಕಳಿಸಿದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಅದರ ಹಿಂದೆ ಕೀವು ತುಂಬಿತ್ತು. ಅವರು ಉಳಿದರು. ಆದರೆ ಆ ರಾತ್ರಿ ಅವರ ಹಳೆಯ ಕೇಸ್ ಪೇಪರ್ ತೆಗೆದು ನೋಡಿದಾಗ ಮೂರು ತಾರೀಖುಗಳ ಎದುರು ನನ್ನದೇ ಕೈಬರಹದಲ್ಲಿ ‘ಗ್ಯಾಸ್ಟ್ರೈಟಿಸ್’ ಎಂದಿತ್ತು. ಮೂರರಲ್ಲಿ ಒಂದು ಸಲವಾದರೂ ನೋವು ಬಲ ಹೆಗಲಿನ ಕಡೆ ಹೋಗುತ್ತದೆಯೇ ಎಂದು ನಾನು ಕೇಳಿರಲಿಲ್ಲ, ಹೊಟ್ಟೆಯ ಸ್ಕ್ಯಾನಿಂಗ್ ಬರೆದಿರಲಿಲ್ಲ.

ಪಿತ್ತಕೋಶ ಎಲ್ಲಿದೆ, ಏನು ಮಾಡುತ್ತದೆ?

ಬಲಗಡೆ ಪಕ್ಕೆಲುಬಿನ ಕೆಳಗೆ ಪಿತ್ತಜನಕಾಂಗ, ಅಂದರೆ ಲಿವರ್ ಇದೆ. ಅದರ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಬದನೆಕಾಯಿಯಂಥ ಚೀಲವೇ ಪಿತ್ತಕೋಶ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ನಾವು ತಿಂದ ಎಣ್ಣೆ, ತುಪ್ಪ ಕರಗಿ ಜೀರ್ಣವಾಗಲು ಈ ರಸ ಬೇಕು. ಊಟವಿಲ್ಲದ ಹೊತ್ತಿನಲ್ಲಿ ಅದು ಪಿತ್ತಕೋಶದಲ್ಲಿ ಸಂಗ್ರಹವಾಗುತ್ತದೆ. ಆ ಚೀಲದಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಆದ್ದರಿಂದ ಅದು ರಸದ ನೀರನ್ನು ಹೀರಿ, ಹಾಲು ಕುದಿಸಿ ಬಾಸುಂದಿ ಮಾಡಿದಂತೆ, ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದ ಕೂಡಲೇ ಪಿತ್ತಕೋಶ ಕುಗ್ಗಿ, ನಾಳದ ಮೂಲಕ ರಸವನ್ನು ಸಣ್ಣ ಕರುಳಿಗೆ ಸುರಿಯುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ತಲೆ ಸುತ್ತಿದರೆ, ಹಳದಿ ನೀರು ವಾಂತಿಯಾದರೆ ‘ಪಿತ್ತ ಆಗೈತಿ’ ಎನ್ನುತ್ತೇವಲ್ಲ, ಆ ಪಿತ್ತಕ್ಕೂ ಈ ಕಲ್ಲಿಗೂ ಸಂಬಂಧವಿಲ್ಲ. ಊಟದಲ್ಲಿ ಹಳ್ಳು, ಮಣ್ಣು ಹೋಗಿ ಆಗುವ ಕಲ್ಲೂ ಇದಲ್ಲ. ಪಿತ್ತರಸ ಕರುಳಿಗೆ ಹರಿಯುತ್ತದೆಯೇ ಹೊರತು ಕರುಳಲ್ಲಿದ್ದದ್ದು ಹಿಂದಕ್ಕೆ ಪಿತ್ತಕೋಶಕ್ಕೆ ಏರುವುದಿಲ್ಲ. ಕಲ್ಲು ಹುಟ್ಟುವುದು ಅಲ್ಲಿಯೇ, ಆ ಗಟ್ಟಿಯಾದ ರಸದಿಂದಲೇ. ರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾಗಿ, ಅದನ್ನು ಕರಗಿಸಿಡುವ ಪಿತ್ತಲವಣ ಸಾಲದಾದಾಗ, ಪಾಕ ಹೆಚ್ಚಾದ ಸಕ್ಕರೆ ಹರಳುಗಟ್ಟಿದಂತೆ ಕೊಲೆಸ್ಟರಾಲ್ ಹರಳುಗಟ್ಟುತ್ತದೆ. ಚೀಲ ಪೂರ್ತಿ ಬರಿದಾಗದೆ ರಸ ನಿಂತಲ್ಲೇ ನಿಂತರೆ ಹರಳು ಬೆಳೆಯುತ್ತದೆ. ಇನ್ನೊಂದು ಬಗೆ ಕಪ್ಪು ಅಥವಾ ಕಂದು ಕಲ್ಲು. ಅದು ರಕ್ತಕಣಗಳು ಒಡೆದಾಗ ಬರುವ ಬಣ್ಣದ ಪದಾರ್ಥದಿಂದ ಆಗುವಂಥದ್ದು. ಕುಡಗೋಲು ಕಣ ರೋಗದಂಥ ರಕ್ತದ ಕಾಯಿಲೆ, ಲಿವರ್ ಗಟ್ಟಿಯಾಗುವ ಸಿರೋಸಿಸ್ ಇರುವವರಲ್ಲಿ ಕಪ್ಪು ಕಲ್ಲು ಹೆಚ್ಚು. ಉತ್ತರ ಭಾರತದಲ್ಲಿ ಕೊಲೆಸ್ಟರಾಲ್ ಕಲ್ಲು ಹೆಚ್ಚು, ದಕ್ಷಿಣದಲ್ಲಿ ಬಣ್ಣದ ಕಲ್ಲುಗಳ ಪಾಲು ದೊಡ್ಡದು ಎಂಬುದನ್ನು ವೈದ್ಯರು ಬಹಳ ಹಿಂದಿನಿಂದ ಗಮನಿಸಿದ್ದಾರೆ.

ಅಂದ ಹಾಗೆ, ದನಕರುಗಳಿಗೂ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ. ಪೂಜೆಗೂ ಔಷಧಕ್ಕೂ ಬಳಸುವ ‘ಗೋರೋಚನ’ ಬೇರೇನೂ ಅಲ್ಲ, ದನದ ಪಿತ್ತಕೋಶದ ಕಲ್ಲು. ಅದಕ್ಕೆ ಭಾರೀ ಬೆಲೆ. ಮನುಷ್ಯರ ಕಲ್ಲನ್ನು ಮಾತ್ರ ಯಾರೂ ಕೇಳುವುದಿಲ್ಲ!

ಗಂಡಸರಿಗಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಗರ್ಭಿಣಿಯಿದ್ದಾಗ ಹಾರ್ಮೋನುಗಳ ಕಾರಣ ಪಿತ್ತಕೋಶ ಮಂದವಾಗುತ್ತದೆ, ರಸದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಹೆರಿಗೆಗಳು ಹೆಚ್ಚಾದಷ್ಟೂ ಸಾಧ್ಯತೆ ಹೆಚ್ಚು. ಬೊಜ್ಜು, ಸಕ್ಕರೆ ಕಾಯಿಲೆ, ವಯಸ್ಸು, ಮನೆತನದಲ್ಲಿ ಇತರರಿಗೆ ಇರುವುದು, ಇವೂ ಕಾರಣಗಳೇ. ಆದರೆ ‘ದಪ್ಪಗಿದ್ದವರಿಗೆ ಮಾತ್ರ’ ಎಂದು ತಿಳಿಯಬೇಡಿ. ಮೇಲೆ ಹೇಳಿದ ತಾಯಿ ತೆಳ್ಳಗಿದ್ದರು. ನನ್ನನ್ನು ದಾರಿ ತಪ್ಪಿಸಿದ್ದರಲ್ಲಿ ಅದೂ ಒಂದು.

ಸುಮ್ಮನಿರುವ ಕಲ್ಲು, ಮಾತಾಡಿದ ಕಲ್ಲು

ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ‘ಪಿತ್ತಕೋಶದಲ್ಲಿ ಕಲ್ಲು ಇದೆ’ ಎಂದು ವರದಿ ಬರುವುದು ಈಗ ಬಹಳ ಸಾಮಾನ್ಯ. ವರದಿ ಹಿಡಿದುಕೊಂಡು ಗಾಬರಿಯಿಂದ ಓಡಿಬರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: “ಇದುವರೆಗೆ ಎಂದಾದರೂ ನೋವು ಬಂದಿತ್ತೇ?” ಇಲ್ಲವೆಂದಾದರೆ ಹೆಚ್ಚಿನವರಿಗೆ ಆಪರೇಷನ್ ಬೇಕಿಲ್ಲ. ಕಲ್ಲು ಇರುವವರಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿಗೆ ಯಾವ ತ್ರಾಸವೂ ಇರುವುದಿಲ್ಲ. ಇಂಥ ಮೌನ ಕಲ್ಲು ನೋವು ಕೊಡಲು ಶುರುಮಾಡುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರಿಗೆ ಮಾತ್ರ. ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಗೆ ಸುಣ್ಣ ಕಟ್ಟಿದ್ದರೆ, ಒಳಗೆ 1 ಸೆಂಟಿಮೀಟರಿಗಿಂತ ದೊಡ್ಡ ಗಂಟು ಇದ್ದರೆ ಕ್ಯಾನ್ಸರಿನ ಭಯದಿಂದ ಶಸ್ತ್ರವೈದ್ಯರು ನೋವಿಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. ಕೆಲವು ರಕ್ತದ ಕಾಯಿಲೆಗಳಲ್ಲೂ ಹಾಗೆಯೇ. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಮೌನ ಕಲ್ಲನ್ನು ತೆಗೆಸಬೇಕು ಎಂಬ ಹಳೆಯ ಮಾತು ಈಗ ಉಳಿದಿಲ್ಲ.

ಆದರೆ ಒಮ್ಮೆ ನೋವು ಕೊಟ್ಟ ಕಲ್ಲಿನ ಕಥೆ ಬೇರೆ. ಅದು ಮತ್ತೆ ನೋವು ಕೊಡುತ್ತದೆ, ಯಾವಾಗ ಎಂದು ಹೇಳಿ ಬರುವುದಿಲ್ಲ. ಆ ನೋವಿನ ಗುರುತು ಹೀಗೆ: ಎದೆಗೂಡಿನ ಕೆಳಗೆ ನಡುವಿನಲ್ಲಿ ಅಥವಾ ಬಲಗಡೆ, ಹೆಚ್ಚಾಗಿ ಜಿಡ್ಡಿನ ಊಟವಾದ ಒಂದೆರಡು ತಾಸಿಗೆ ಅಥವಾ ನಡುರಾತ್ರಿಯಲ್ಲಿ ಶುರುವಾಗುತ್ತದೆ. ಕಡಿಮೆಯೆಂದರೆ ಅರ್ಧ ತಾಸು, ಕೆಲವೊಮ್ಮೆ ನಾಲ್ಕೈದು ತಾಸು ಒಂದೇ ಸಮನೆ ಹಿಡಿದಿರುತ್ತದೆ. ಬಲ ಹೆಗಲಿನ ಹಿಂಭಾಗಕ್ಕೆ ಅಥವಾ ಬೆನ್ನಿಗೆ ಹಬ್ಬಬಹುದು. ಬೆವರು, ವಾಂತಿ ಬರಬಹುದು. ತೇಗು ಬಂದರೂ, ಗಾಳಿ ಹೋದರೂ, ಸೋಡಾ ಕುಡಿದರೂ ಕಡಿಮೆಯಾಗುವುದಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಪೂರ್ತಿ ನಿಂತುಬಿಡುತ್ತದೆ. ಕಲ್ಲು ಪಿತ್ತಕೋಶದ ಬಾಯಿಗೆ ಬಂದು ಅಡ್ಡ ಕುಳಿತಾಗ ನೋವು, ಹಿಂದಕ್ಕೆ ಸರಿದಾಗ ಶಮನ. ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಹೊಟ್ಟೆ ಮೆತ್ತಗಿರುವುದು ಇದಕ್ಕೇ. ಆದ್ದರಿಂದ ನೋವು ಇಲ್ಲದಾಗಲೂ ಅದು ಬಂದ ಹೊತ್ತು, ಇದ್ದ ತಾಸು, ಹಿಂದಿನ ಊಟ, ಹಬ್ಬಿದ ಜಾಗ, ಇಷ್ಟನ್ನು ನೀವಾಗಿಯೇ ಹೇಳಿ. ಡಾಕ್ಟರು ಕೇಳಲಿಲ್ಲವೆಂದು ಬಿಡಬೇಡಿ.

ಒಂದು ಎಚ್ಚರಿಕೆ. ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟು ಇರುವವರಿಗೆ ಎದೆಗೂಡಿನ ಕೆಳಗೆ ಇಂಥ ನೋವು ಬಂದರೆ ಮೊದಲು ಆಗಬೇಕಾದದ್ದು ಇ.ಸಿ.ಜಿ. ಹೃದಯಾಘಾತವೂ ಇದೇ ವೇಷ ಹಾಕಿಕೊಂಡು ಬರುತ್ತದೆ.

ಕಲ್ಲು ಪತ್ತೆಗೆ ಸೋನೋಗ್ರಫಿ ಸಾಕು. ಆರೆಂಟು ತಾಸು ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಏಕೆಂದರೆ ಉಂಡು ಹೋದರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣಿಸದೇ ಹೋಗಬಹುದು. ಸಾದಾ ಎಕ್ಸ್‌ರೇಯಲ್ಲಿ ಈ ಕಲ್ಲುಗಳು ಹೆಚ್ಚಾಗಿ ಕಾಣುವುದಿಲ್ಲ, ‘ಎಕ್ಸ್‌ರೇ ತೆಗೆಸೀನ್ರಿ, ಏನೂ ಇಲ್ಲಂದ್ರು’ ಎಂದು ನಿಶ್ಚಿಂತರಾಗಬೇಡಿ.

ಎರಡು ಕಲ್ಲು, ಒಂದೇ ಹೆಸರು

ಮೂತ್ರಪಿಂಡದ ಕಲ್ಲಿಗೂ ಪಿತ್ತಕೋಶದ ಕಲ್ಲಿಗೂ ನಾವು ‘ಸ್ಟೋನ್’ ಎಂದೇ ಹೇಳುವುದರಿಂದ ಆಗುವ ಅನರ್ಥ ಅಷ್ಟಿಷ್ಟಲ್ಲ. ಯಾರಿಗೋ ಹುರಳಿ ಕಟ್ಟು, ಬಾಳೆದಿಂಡಿನ ರಸ ಕುಡಿದು ಕಲ್ಲು ಬಿತ್ತಂತೆ ಎಂದು ಪಿತ್ತಕೋಶದ ಕಲ್ಲಿನವರೂ ತಿಂಗಳುಗಟ್ಟಲೆ ಅದನ್ನೇ ಕುಡಿಯುತ್ತಾರೆ. ಮೂತ್ರಪಿಂಡದ ಸಣ್ಣ ಕಲ್ಲು ನೀರು ಹೆಚ್ಚು ಕುಡಿದಾಗ ಮೂತ್ರದೊಡನೆ ಹೊರಬೀಳಬಹುದು. ಪಿತ್ತಕೋಶ ಮೂತ್ರದ ದಾರಿಯಲ್ಲೇ ಇಲ್ಲ. ಎಷ್ಟು ಕೊಡ ನೀರು ಕುಡಿದರೂ ಆ ನೀರು ಅಲ್ಲಿಗೆ ತಲುಪುವುದಿಲ್ಲ.

ಇನ್ನೂ ಮುಖ್ಯವಾದ ಮಾತು: ಪಿತ್ತಕೋಶದ ಕಲ್ಲು ಅಲ್ಲಿಂದ ಕದಲುವುದು ಒಳ್ಳೆಯ ಸುದ್ದಿಯಲ್ಲ. ದೊಡ್ಡ ಕಲ್ಲು ಚೀಲದಲ್ಲೇ ಬಿದ್ದಿರುತ್ತದೆ. ಸಾಸಿವೆ, ಜೋಳದ ಕಾಳಿನಷ್ಟು ಸಣ್ಣವು ಜಾರಿ ಮುಖ್ಯ ಪಿತ್ತನಾಳಕ್ಕೆ ಇಳಿಯುತ್ತವೆ. ಅಲ್ಲಿ ಸಿಕ್ಕರೆ ಕಾಮಣಿ, ಅದರ ಹಿಂದೆ ಸೋಂಕು. ನಾಳದ ಕೊನೆಯಲ್ಲಿ ಸಿಕ್ಕರೆ ಮೇದೋಜೀರಕ ಗ್ರಂಥಿಗೆ ಬಾವು. ಹೊಟ್ಟೆಯಿಂದ ಬೆನ್ನಿಗೆ ಈಟಿ ಹಾಕಿದಂತೆ ನೋವು, ನಿಲ್ಲದ ವಾಂತಿ ಅದರ ಲಕ್ಷಣ. ಸೆರೆ ಕುಡಿಯದವರಿಗೂ ಈ ಬಾವು ಬರುವುದಕ್ಕೆ ದೊಡ್ಡ ಕಾರಣ ಇಂಥ ಪುಟ್ಟ ಕಲ್ಲುಗಳೇ. ‘ನನ್ನದು ಸಣ್ಣದ ಐತಿ, ನಡೀತೈತಿ’ ಎನ್ನುವವರು ಇದನ್ನು ಗಮನಿಸಬೇಕು.

ಎಲ್ಲ ಕಾಮಣಿಯೂ ಒಂದೇ ಅಲ್ಲ

ನಮ್ಮ ಹಳ್ಳಿಗಳಲ್ಲಿ ಕಾಮಣಿಗೆ ಡಾಕ್ಟರ ಬಳಿ ಹೋಗುವವರು ಕಡಿಮೆ. ಇದಕ್ಕೆ ಕಾರಣವಿದೆ. ಮಲಿನ ನೀರಿನಿಂದ ಹರಡುವ ವೈರಸ್ ಕಾಮಣಿ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಔಷಧ ಕೊಟ್ಟಿರುತ್ತಾರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕೊಟ್ಟವರು ಮೋಸಗಾರರು ಎಂದು ನಾನು ಹೇಳಲಾರೆ, ಅವರೂ ಕಣ್ಣಾರೆ ವಾಸಿಯಾದದ್ದನ್ನೇ ಕಂಡಿರುತ್ತಾರೆ.

ಕಲ್ಲಿನ ಕಾಮಣಿ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ನಾಳದಲ್ಲಿ ಸಿಕ್ಕ ಕಲ್ಲು ಒಂದೇ ಕಡೆ ಬಿಗಿದುಕೊಂಡಿರುವುದಿಲ್ಲ. ಬಾವಿಯ ರಾಟೆಗೆ ಸಿಕ್ಕ ಹಗ್ಗದಂತೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಸಡಿಲಾಗುತ್ತದೆ. ಸಡಿಲಾದಾಗ ಪಿತ್ತ ಹರಿದು ಕಣ್ಣಿನ ಹಳದಿ ಇಳಿಯುತ್ತದೆ. ಮನೆಯವರು ‘ಔಷಧ ಹತ್ತಿತು’ ಎಂದು ನೆಮ್ಮದಿಯಾಗುತ್ತಾರೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ. ನಿಂತ ಪಿತ್ತರಸದಲ್ಲಿ ರೋಗಾಣು ಸೇರಿಕೊಂಡ ದಿನ ಚಳಿಜ್ವರ ಬರುತ್ತದೆ. ಆಗ ನಮ್ಮ ಕೈಯಲ್ಲಿರುವುದು ವಾರಗಳಲ್ಲ, ತಾಸುಗಳು.

ಎರಡನ್ನೂ ಬರೀ ಕಣ್ಣಿನ ಬಣ್ಣ ನೋಡಿ ಬೇರ್ಪಡಿಸಲಾಗದು. ವೈರಸ್ ಕಾಮಣಿಯಲ್ಲಿ ಮೊದಲು ನಾಲ್ಕಾರು ದಿನ ಜ್ವರ, ಊಟ ಸೇರದಿರುವಿಕೆ, ಓಕರಿಕೆ ಇದ್ದು ಆಮೇಲೆ ಕಣ್ಣು ಹಳದಿಯಾಗುವುದು ಸಾಮಾನ್ಯ. ಮೊದಲು ಜೋರು ನೋವು ಬಂದು ಆಮೇಲೆ ಹಳದಿಯಾದರೆ, ಮಲ ಬೂದಿಯಂತೆ ಬಿಳಿಚಿಕೊಂಡರೆ, ಮೈಯೆಲ್ಲ ತುರಿಕೆ ಎದ್ದರೆ ನಾಳ ಕಟ್ಟಿರಬಹುದೆಂದು ತಿಳಿಯಬೇಕು. ನಾಟಿ ಔಷಧ ಕೊಡಿಸುವ ಮನಸ್ಸಿದ್ದರೂ ಅದಕ್ಕೆ ಮೊದಲು ಒಂದು ರಕ್ತಪರೀಕ್ಷೆ, ಒಂದು ಸೋನೋಗ್ರಫಿ ಮಾಡಿಸಿ. ನಾನು ಕೇಳುವುದು ಇಷ್ಟೇ.

ನೋವು ಆರು ತಾಸಿಗಿಂತ ಹೆಚ್ಚು ನಿಂತರೆ, ನೋವಿನೊಡನೆ ಜ್ವರ ಅಥವಾ ನಡುಕ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಪಿತ್ತಕೋಶ ಕೊಳೆಯುವ ಹಂತಕ್ಕೆ ಬಂದರೂ ನೋವು ಅಷ್ಟಾಗಿ ಇರದು. ಅಜ್ಜ ಸುಮ್ಮನೆ ಮಂಕಾಗಿ ಮಲಗಿದ್ದಾನೆ ಎಂದು ಬಿಡಬೇಡಿ.

ಚೀಲವನ್ನೇ ಏಕೆ ತೆಗೆಯಬೇಕು?

“ಕಲ್ಲಷ್ಟ ತಗೀರಿ, ಚೀಲ ಯಾಕ ತಗೀತೀರಿ?” ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಹಿಂದೆ ವೈದ್ಯರು ಮಾಡುತ್ತಿದ್ದುದೂ ಅದನ್ನೇ. 1867ರಲ್ಲಿ ಅಮೆರಿಕದ ಜಾನ್ ಬಾಬ್ಸ್ ಪಿತ್ತಕೋಶ ಕೊಯ್ದು ಕಲ್ಲುಗಳನ್ನಷ್ಟೇ ತೆಗೆದಿದ್ದ. ಆದರೆ ಹೀಗೆ ತೆಗೆದರೆ ಕಲ್ಲು ಮತ್ತೆ ಆಗುತ್ತಿತ್ತು. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯ ಕಲ್ಲು ಹುಟ್ಟಿಸುವ ಚೀಲವನ್ನೇ ತೆಗೆಯಬೇಕೆಂದು ಯೋಚಿಸಿ 1882ರ ಜುಲೈ 15ರಂದು ಮೊದಲ ಬಾರಿಗೆ ಹಾಗೆ ಮಾಡಿದ. ರೋಗಿ 43 ವರ್ಷದವ, 16 ವರ್ಷಗಳಿಂದ ನೋವು ಉಂಡವ. ಗುಣವಾಗಿ ಮನೆಗೆ ಹೋದ. ಆ ತರ್ಕ ಇಂದಿಗೂ ಬದಲಾಗಿಲ್ಲ.

ಬದಲಾದದ್ದು ಕೊಯ್ಯುವ ರೀತಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಹೊಟ್ಟೆ ಸೀಳದೆ ದುರ್ಬೀನಿನ ಮೂಲಕ ಪಿತ್ತಕೋಶ ತೆಗೆದು ತೋರಿಸಿದಾಗ ಅಲ್ಲಿನ ಶಸ್ತ್ರವೈದ್ಯರೇ ಅದನ್ನು ಒಪ್ಪಿರಲಿಲ್ಲ. ಅದಾಗಿ ಐದೇ ವರ್ಷಕ್ಕೆ, 1990ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ನಮ್ಮ ದೇಶದ ಮೊದಲ ಇಂಥ ಶಸ್ತ್ರಚಿಕಿತ್ಸೆ ಮಾಡಿದರು. ಬಡ ಕೂಲಿಕಾರನಿಗೆ ಬೇಗ ಕೆಲಸಕ್ಕೆ ಮರಳುವುದು ಶ್ರೀಮಂತನಿಗಿಂತ ಹೆಚ್ಚು ಅಗತ್ಯ ಎಂಬುದನ್ನು ನೆನೆದರೆ, ಆ ಆರಂಭ ಸರಕಾರಿ ಆಸ್ಪತ್ರೆಯಲ್ಲಿ ಆದದ್ದು ನನಗೆ ಬಹಳ ಸರಿಯೆನಿಸುತ್ತದೆ. ಈಗ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಇದು ದಿನನಿತ್ಯದ ಕೆಲಸ. ಹೊಟ್ಟೆಗೆ ನಾಲ್ಕು ಸಣ್ಣ ತೂತು, ಒಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಟಿ.ವಿ. ಪರದೆ ನೋಡುತ್ತ ಪಿತ್ತಕೋಶ ತೆಗೆಯುತ್ತಾರೆ. ತೊಡಕಿಲ್ಲದಿದ್ದರೆ ಒಂದೆರಡು ದಿನಕ್ಕೆ ಮನೆ. ಮೊದಲೆರಡು ದಿನ ಹೆಗಲು ನೋಯುವುದು ಆ ಗಾಳಿಯಿಂದ, ಹೆದರಬೇಡಿ. ಬಾವು ಹೆಚ್ಚಿದ್ದು ಒಳಗಿನ ಭಾಗ ಸ್ಪಷ್ಟ ಕಾಣದಿದ್ದರೆ ಶಸ್ತ್ರವೈದ್ಯರು ನಡುವೆಯೇ ಹೊಟ್ಟೆ ತೆರೆದು ಮುಗಿಸಬಹುದು. ಅದು ಸೋಲಲ್ಲ, ವಿವೇಕ. ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಆಪರೇಷನ್ನಿನ ದೊಡ್ಡ ಅಪಾಯ. ಅದು ಸಾವಿರಕ್ಕೆ ಮೂರರಿಂದ ಐವರಿಗೆ ಆಗುವಂಥದ್ದು. ಅಪಾಯ ಇಲ್ಲವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾಳಕ್ಕೆ ಇಳಿದ ಕಲ್ಲಿಗೆ ಬೇರೆ ಉಪಾಯ. ಬಾಯಿಯ ಮೂಲಕ ದುರ್ಬೀನಿನ ನಳಿಗೆ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಯಿಯನ್ನು ಸ್ವಲ್ಪ ಅಗಲಿಸಿ ಕಲ್ಲನ್ನು ಎಳೆದು ತೆಗೆಯುತ್ತಾರೆ. 1974ರಿಂದ ಬಳಕೆಗೆ ಬಂದ ವಿಧಾನವಿದು. ನನ್ನ ರೋಗಿಯನ್ನು ಉಳಿಸಿದ್ದು ಇದೇ. ಆಮೇಲೆ ಅವರ ಪಿತ್ತಕೋಶ ತೆಗೆಯಲಾಯಿತು.

ಪಿತ್ತಕೋಶ ಗೋದಾಮು ಮಾತ್ರ, ಕಾರ್ಖಾನೆಯಲ್ಲ. ಅದು ಹೋದ ಮೇಲೂ ಲಿವರ್ ಪಿತ್ತರಸ ತಯಾರಿಸುತ್ತಲೇ ಇರುತ್ತದೆ, ರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಸ್ವಲ್ಪ ದಿನ ಹೊಟ್ಟೆ ಸಡಿಲಾಗಬಹುದು. ಕೆಲವು ವಾರಗಳಲ್ಲಿ ಎಂದಿನ ರೊಟ್ಟಿ-ಪಲ್ಯ, ಹಬ್ಬಕ್ಕೆ ಹೋಳಿಗೆ, ಎಲ್ಲವನ್ನೂ ಉಣ್ಣಬಹುದು.

ಗುಳಿಗೆಯಿಂದ ಕರಗುವುದಿಲ್ಲವೇ? ಒಂದು ಔಷಧ ಇದೆ. ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಕರಗಿದರೂ ಐದು ವರ್ಷದಲ್ಲಿ ಸುಮಾರು ಅರ್ಧ ಮಂದಿಗೆ ಮತ್ತೆ ಆಗುತ್ತದೆ. ಆಪರೇಷನ್ ತಡೆಯಲಾರದ ದೇಹಸ್ಥಿತಿಯವರಿಗೆ ಇದು ಆಗಬಹುದು, ಎಲ್ಲರಿಗಲ್ಲ. ಆಲಿವ್ ಎಣ್ಣೆಗೆ ನಿಂಬೆರಸ ಸೇರಿಸಿ ಕುಡಿದರೆ ಮರುದಿನ ಮಲದಲ್ಲಿ ಹಸಿರು ಕಲ್ಲುಗಳು ಬೀಳುತ್ತವೆ ಎಂಬ ಪ್ರಚಾರ ಮೊಬೈಲಿನಲ್ಲಿ ಜೋರಾಗಿದೆ. ಬೀಳುವುದು ನಿಜ. 2005ರಲ್ಲಿ ನ್ಯೂಜಿಲೆಂಡಿನವರು ಅಂಥ ‘ಕಲ್ಲು’ಗಳನ್ನು ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು: ಅವು ಕುಡಿದ ಎಣ್ಣೆ ಹೊಟ್ಟೆಯಲ್ಲೇ ಸಾಬೂನಾಗಿ ಕಟ್ಟಿದ ಉಂಡೆಗಳು!

ಕಲ್ಲು ನೋವು ಕೊಡುತ್ತಿದ್ದರೆ ಆಪರೇಷನ್ ಆಗುವವರೆಗೆ ಮಿರ್ಚಿ ಭಜಿ, ತುಪ್ಪ ಸುರಿದ ಹೋಳಿಗೆ, ಎಣ್ಣೆ ತೇಲುವ ಎಣ್ಣೆಗಾಯಿ ಬದಿಗಿಡಿ. ಪಥ್ಯದಿಂದ ನೋವು ದೂರವಿಡಬಹುದು, ಕಲ್ಲು ಕರಗಿಸಲಾಗದು. ಕಲ್ಲು ಇಲ್ಲದವರು ಜಿಡ್ಡು ಪೂರ್ತಿ ಬಿಡಬೇಕಿಲ್ಲ, ಸ್ವಲ್ಪ ಎಣ್ಣೆಯ ಊಟವೇ ಪಿತ್ತಕೋಶವನ್ನು ಬರಿದು ಮಾಡುವುದು. ವಾರದಲ್ಲಿ ಮೂರು ವಾರ ಹಿಡಿದು ದಿನವಿಡೀ ಉಪವಾಸ ಇರುವ ತಾಯಂದಿರು, ತೂಕ ಇಳಿಸಲು ತಿಂಗಳಲ್ಲಿ ಏಳೆಂಟು ಕಿಲೋ ಕರಗಿಸ ಹೊರಟ ಹುಡುಗಿಯರು ಎಚ್ಚರ. ಪಿತ್ತರಸ ನಿಂತು ಗಟ್ಟಿಯಾಗಲು ಇವೇ ಅನುಕೂಲ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಗರ್ಭಿಣಿಯರ ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದಲ್ಲಿ ‘ಕೆಸರು’ ಇದೆಯೆಂದು ಬಂದರೆ ಗಾಬರಿ ಬೇಡ, ಹೆರಿಗೆಯ ನಂತರ ಅದು ಬಹಳ ಸಲ ಮಾಯವಾಗುತ್ತದೆ.

ಖರ್ಚಿನ ಮಾತು. ಬೆಳಗಾವಿಯ ಬಿಮ್ಸ್, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಇಲ್ಲದಿದ್ದಾಗ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಚೀಟಿ ಬೇಕಾಗುತ್ತದೆ, ಆದ್ದರಿಂದ ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಬೈಲಹೊಂಗಲದ ತಾಲೂಕು ಆಸ್ಪತ್ರೆಯಿಂದಲೇ ಆರಂಭಿಸುವುದು ಒಳ್ಳೆಯದು.

ಆಪರೇಷನ್ ಆದ ಮೇಲೆ ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ, ಬಂದ ಬೀಗರಿಗೆಲ್ಲ ತೋರಿಸುವುದೂ ಆಗುತ್ತದೆ. ಅದು ಹೇಗೂ ಇರಲಿ, ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿದ ವರದಿಯನ್ನು ಮರೆಯದೆ ಕೇಳಿ ಪಡೆಯಿರಿ. ಅಪರೂಪಕ್ಕೆ ಅದರ ಗೋಡೆಯಲ್ಲಿ ಕ್ಯಾನ್ಸರ್ ಅಡಗಿರುವುದು ಆ ಕಾಗದದಿಂದಲೇ ತಿಳಿಯುತ್ತದೆ. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಕೇಳಿದರೆ ಸಿಗುತ್ತದೆ.